ನೆಲುವಿನಲ್ಲಿದ್ದ ಲೋಟ

ನಮ್ಮೂರಿನಲ್ಲಿ ಬಿಸಿ ಎಂಬುದು ಗಾಳಿಗೆ ಹೋಗುವುದಿಲ್ಲ. ಮುಟ್ಟಿದರೆ ಹೋಗುತ್ತದೆ, ಮುಟ್ಟದಿದ್ದರೆ ಇದ್ದಲ್ಲೇ ಇರುತ್ತದೆ. ಬೆಳಗ್ಗೆ ಕಾಯಿಸಿದ ಹಾಲು ಸಂಜೆಗೂ ಬಿಸಿಯಾಗಿ ಬೇಕೆಂದರೆ ಗಡಿಗೆಯನ್ನು ನೆಲಕ್ಕೂ ಗೋಡೆಗೂ ತಾಗದಂತೆ ನೆಲುವಿನಲ್ಲಿ ತೂಗುಹಾಕಿದರೆ ಸಾಕು. ಅದಕ್ಕೇ ನಮ್ಮ ಮನೆಗಳಲ್ಲಿ ತಲೆ ಬಗ್ಗಿಸಿ ನಡೆಯಬೇಕು. ತೊಲೆಯ ತುಂಬ ಕೊಂಡಿ, ಕೊಂಡಿಗೊಂದು ನೆಲುವು, ನೆಲುವಿನಲ್ಲಿ ಹಾಲು, ಸಾರು, ಕಾದ ಕಲ್ಲು. ಹೊಸಬರು ಬಂದರೆ ಹಣೆ ಒಡೆದುಕೊಳ್ಳುತ್ತಾರೆ. ನಮ್ಮವರು ಬೇರೆ ಊರಿಗೆ ಹೋದರೂ ಒಳಗೆ ಕಾಲಿಡುವಾಗ ಬಾಗಿಯೇ ಕಾಲಿಡುತ್ತಾರಂತೆ, ಆ ಊರಿನವರು ಇವರೆಷ್ಟು ವಿನಯವಂತರು ಎಂದುಕೊಳ್ಳುತ್ತಾರಂತೆ. ಕೇಳಿದ ಮಾತು. ನಾನು ಊರು ಬಿಟ್ಟು ಹೋದವನಲ್ಲ.

ನೆಲುವು ಹೆಣೆಯುವುದು ನನ್ನ ಕಸುಬು. ಅಪ್ಪನದೂ ಅದೇ. ಶಾಲೆಗೆ ಒಂದು ಮಳೆಗಾಲ ಹೋಗಿದ್ದೆ, ಸೂರು ಸೋರಿ ಶಾಲೆ ಮುಚ್ಚಿತು, ಆಮೇಲೆ ಅದನ್ನು ತೆರೆದರೋ ಇಲ್ಲವೋ ನಾನು ನೋಡಲು ಹೋಗಲಿಲ್ಲ. ನನಗೆ ಗೊತ್ತಿರುವುದೆಲ್ಲ ಬೆರಳಿಗೆ ಗೊತ್ತಿರುವುದು. ಬಿಸಿಯ ಗಡಿಗೆಯನ್ನು ಕಬ್ಬಿಣದ ಸರಪಳಿಗೆ ತೂಗುಹಾಕಿದರೆ ಬಿಸಿ ಸರಪಳಿ ಹತ್ತಿ ತೊಲೆ ಸೇರುತ್ತದೆ. ತಾಮ್ರದ ತಂತಿಗೆ ಕಟ್ಟುವುದೂ ಒಂದೇ, ಕಳ್ಳನ ಕೈಗೆ ಬೀಗದಕೈ ಕೊಡುವುದೂ ಒಂದೇ. ತೆಂಗಿನ ನಾರು ಪರವಾಗಿಲ್ಲ. ಎಲ್ಲಕ್ಕಿಂತ ಮೇಲು ಕುರಿಯ ಉಣ್ಣೆ. ಅದು ಮಹಾ ಜಿಪುಣ, ತನಗೆ ಬೇಕೆಂದೂ ಕೇಳುವುದಿಲ್ಲ, ಇನ್ನೊಬ್ಬರಿಗೆ ದಾಟಿಸುವುದೂ ಇಲ್ಲ. ಆದರೆ ಅಪ್ಪ ಒಂದು ಮಾತು ಹೇಳುತ್ತಿದ್ದ: "ಕುಡೀದೇ ಇರೋ ನಾರಿಲ್ಲ ಮಗಾ. ನಿಧಾನಕ್ಕೆ ಕುಡಿಯೋ ನಾರು ಐತೆ, ಅಷ್ಟೇ." ಈ ಮಾತು ಮುಂದೆ ನನ್ನ ನಿದ್ದೆ ಕೆಡಿಸಿತು.

ಬಿಸಿಗೆ ಹೀಗೊಂದು ಕಟ್ಟಳೆ ಇರುವುದರಿಂದ ನಮ್ಮಲ್ಲಿ ಮುಟ್ಟುವುದು ಹಗುರದ ಕೆಲಸವಲ್ಲ. ಚಳಿಗಾಲದಲ್ಲಿ ಸುಮ್ಮಸುಮ್ಮನೆ ಯಾರ ಕೈಯನ್ನೂ ಹಿಡಿಯುವುದಿಲ್ಲ. ಹಿಡಿದರೆ ಕೊಟ್ಟ ಹಾಗೆ, ಇಲ್ಲವೇ ಕಿತ್ತುಕೊಂಡ ಹಾಗೆ. ಬೇಸಗೆಯಲ್ಲಿ ದುಡಿದು ಬಂದವರು ಕೇರಿಯ ತಣಿಗಲ್ಲನ್ನು ತಬ್ಬಿ ನಿಲ್ಲುತ್ತಾರೆ, ಹಗಲಿನ ಬೆವರೆಲ್ಲ ಕಲ್ಲಿಗೆ ಒಪ್ಪಿಸಿ ಮನೆಗೆ ಹೋಗುತ್ತಾರೆ. ನಾನು ಒಂಟಿಯಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಗಾದ್ರಪ್ಪನ ಗಂಜಿ ಅಂಗಡಿಯಲ್ಲಿ ಒಂದು ಮರದ ಬೆಂಚು ಇದೆ. ಜನ ಗಂಜಿ ಕುಡಿದು ಎದ್ದು ಹೋದ ಮೇಲೆ ನಾನು ಹೋಗಿ ಅವರು ಕೂತಿದ್ದ ಜಾಗದಲ್ಲಿ ಕೂರುತ್ತಿದ್ದೆ. ಮರ ನಿಧಾನಸ್ಥ, ಇಟ್ಟುಕೊಂಡಿರುತ್ತದೆ. ಯಾರದೋ ತೊಡೆಯ ಬಿಸಿ, ಯಾರದೋ ಮಗುವಿನ ಬಿಸಿ, ಪಂಚೆಯೊಳಗಿಂದ ಹತ್ತುತ್ತಿತ್ತು. ಗಾದ್ರಪ್ಪ ನನ್ನ ವಯಸ್ಸಿನವನು, ಬಾಯಿ ಬಡಕ, ಆದರೂ ಇದೊಂದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದ.

ನನ್ನ ಹೆಂಡತಿ ಬೋರಕ್ಕ. ನಮಗೆ ಮಕ್ಕಳಾಗಲಿಲ್ಲ. ನಾನು ನೆಲುವು ಹೆಣೆದರೆ ಅವಳು ಉಣ್ಣೆ ಹೊಸೆಯುತ್ತಿದ್ದಳು, ಎದುರುಬದುರು ಕೂತು, ಒಂದೇ ದಾರದ ಎರಡು ತುದಿ ಹಿಡಿದುಕೊಂಡು. ಮಾತು ಕಡಿಮೆ. ದಾರ ಜಗ್ಗಿದರೆ ಬಿಡು ಎಂದು, ಸಡಿಲ ಬಿಟ್ಟರೆ ಎಳೆ ಎಂದು. ಒಂದು ಮಳೆಗಾಲದ ಕೊನೆಗೆ ಅವಳಿಗೆ ಜ್ವರ ಬಂತು, ಇಳಿಯಲೇ ಇಲ್ಲ. ಮೈ ಕಾದ ಹೆಂಚಿನ ಹಾಗಿತ್ತು. ಕೊನೆಯ ದಿನ ತವರಿನಿಂದ ತಂದಿದ್ದ ಹಿತ್ತಾಳೆ ಲೋಟದಲ್ಲಿ ನೀರು ಕೇಳಿದಳು, ಕುಡಿದಳು, ಲೋಟ ಕೊಡು ಎಂದರೆ ಕೊಡಲಿಲ್ಲ. ಎರಡೂ ಅಂಗೈಯಲ್ಲಿ ಅದನ್ನು ಒತ್ತಿ ಹಿಡಿದು ಮಲಗಿದಳು. ಹಾಗೆಯೇ ಹೋದಳು.

ಸತ್ತವರು ಕಡೆಗೆ ಹಿಡಿದಿದ್ದ ವಸ್ತುವಿನಲ್ಲಿ ಅವರ ಬಿಸಿ ನಿಂತಿರುತ್ತದೆ. ಅದಕ್ಕೆ ನಾವು ಉಳಿಕೆ ಎನ್ನುತ್ತೇವೆ. ಅದನ್ನು ಯಾರೂ ಮುಟ್ಟದೆ ಉಣ್ಣೆಯ ದಾರದಲ್ಲಿ ಬಿಡಿಸಿಕೊಂಡು ತೂಗುಹಾಕುತ್ತಾರೆ. ಸತ್ತವರನ್ನು ಬರಿ ನೆಲದ ಮೇಲೆ ಮಲಗಿಸುತ್ತಾರೆ, ಮೈಯ ಬಿಸಿಯನ್ನು ಭೂಮಿ ಕುಡಿಯಲಿ ಎಂದು. ತಿಥಿಯ ದಿನ ಉಳಿಕೆಯನ್ನು ಇಳಿಸಿ ಮನೆಯವರು ಒಬ್ಬರಾದ ಮೇಲೊಬ್ಬರು ಹಿಡಿಯುತ್ತಾರೆ. ಕಿರಿಯರಿಗೆ ಮೊದಲು, ಏಕೆಂದರೆ ಮೊದಲ ಕೈಗೇ ಹೆಚ್ಚು ದಕ್ಕುವುದು. ಕೈಯಿಂದ ಕೈಗೆ ಇಳಿಯುತ್ತ ಇಳಿಯುತ್ತ ಹಿರಿಯರ ಹತ್ತಿರ ಬರುವ ಹೊತ್ತಿಗೆ ಅದು ಬರೀ ಲೋಟವೋ ಬರೀ ಕೋಲೋ ಆಗಿರುತ್ತದೆ. ಹಿರಿಯರು ಅದನ್ನು ನೀರಿಗೆ ಅದ್ದಿ ಒಳಗಿಟ್ಟರೆ ಸತ್ತವರು ಹೊರಟರು ಎಂದು ಲೆಕ್ಕ. ಇದೆಲ್ಲವನ್ನೂ ಈಗ ನಿಮಗೆ ಬಿಡಿಸಿ ಹೇಳುತ್ತಿದ್ದೇನೆ. ಊರಿನಲ್ಲಿ ಉಳಿಕೆಯ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ತೊಲೆಯಲ್ಲಿ ಬೇರೆಯಾಗಿ ಒಂದು ನೆಲುವು ತೂಗುತ್ತಿದ್ದರೆ ನೋಡಿದವರು ದೂರ ಸರಿದು ನಡೆಯುತ್ತಾರೆ, ಅಷ್ಟೇ.

ಬೋರಕ್ಕನ ತಿಥಿಗೆ ಅವಳ ತಮ್ಮ ಓಬಣ್ಣ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ. ಎಲೆ ಹಾಕಿ ಆಗಿತ್ತು.

"ಭಾವ, ಇಳಿಸ್ರಿ ಮತ್ತೆ. ಹುಡುಗ್ರು ಕಾಯ್ತಾ ಅವೆ," ಎಂದ ಓಬಣ್ಣ.

"ಇವತ್ತು ಬ್ಯಾಡ."

"ಇವತ್ತು ಬಿಟ್ಟು ಇನ್ಯಾವತ್ತು? ತಿಥಿ ಇವತ್ತೇ ಅಲ್ವಾ?"

"ಬ್ಯಾಡ ಅಂದ್ನಲ್ಲ ಓಬಣ್ಣ."

ಓಬಣ್ಣ ಲೋಟವನ್ನೂ ನನ್ನನ್ನೂ ನೋಡಿದ. "ನಮ್ಮಕ್ಕ ನಿಮ್ಮೊಬ್ರಿಗೇ ಸೇರಿದೋಳು ಅನ್ನಿ ಹಂಗಾರೆ. ನನ್ನನ್ನ ಸೊಂಟದ ಮೇಲೆ ಹೊತ್ತು ಸಾಕಿದೋಳು ಅವಳು. ನನ್ನ ಮಕ್ಕಳಿಗೆ ಒಂದು ಚೂರು ಬಿಸಿ ಸಿಗಬಾರದಾ?"

ನಾನು ನೆಲುವಿನ ಕೆಳಗೆ ಹೋಗಿ ನಿಂತೆ. ಅವರು ಬಡಿಸಿದ ಎಲೆ ಬಿಟ್ಟು ಎದ್ದರು. ಆಮೇಲೆ ಆ ಮನೆಯವರು ಯಾರೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಓಬಣ್ಣ ತೀರಿಕೊಂಡಾಗ ನನಗೆ ಹೇಳಿಕಳಿಸಲಿಲ್ಲ, ಸಂತೆಯಲ್ಲಿ ಕೇಳಿ ತಿಳಿದುಕೊಂಡೆ.

ಕೊಡಬಾರದೆಂದು ನಾನು ಹಟ ಹಿಡಿದದ್ದಲ್ಲ. ಕೊಟ್ಟರೆ ಮುಗಿದುಹೋಗುತ್ತಿತ್ತು. ತೆಳು ಹಿತ್ತಾಳೆ ಅದು, ಎಷ್ಟು ಹಿಡಿದೀತು? ಪುಣ್ಯಾತ್ಗಿತ್ತಿ ಒಂದು ರುಬ್ಬುಗುಂಡು ತಬ್ಬಿಕೊಂಡು ಸತ್ತಿದ್ದರೆ ವರುಷಕ್ಕೊಮ್ಮೆ ಹಬ್ಬಕ್ಕೆಂದು ಒಂದು ಬೆರಳಿಟ್ಟುಕೊಂಡಾದರೂ ಇರಬಹುದಿತ್ತು. ಲೋಟವನ್ನು ಒಂದು ಸಲ ಹಿಡಿದರೆ ನನ್ನ ಕೈ ಕುಡಿದುಬಿಡುತ್ತದೆ. ಹಿಡಿಯದಿದ್ದರೆ ಅದು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಇದೆಯೋ ನೋಡೋಣವೆಂದು ಮುಟ್ಟಿದರೆ ಇರುವುದೂ ಹೋಯಿತು. ಈ ಬಿಕ್ಕಟ್ಟಿನಲ್ಲಿ ನಾನು ಮುದುಕನಾದೆ.

ಸುಮ್ಮನೆ ಆಗಲಿಲ್ಲ, ಕಾಯುತ್ತಲೇ ಆದೆ. ನೊಣ ಕೂತರೆ ಅದರ ಕಾಲಿನಷ್ಟು ಬಿಸಿ ಹೋಯಿತು. ದೂಳು ಕೂತರೆ ದೂಳಿನಷ್ಟು. ಒರೆಸಲು ಬಟ್ಟೆ ತಾಗಿಸಿದರೆ ದೂಳಿಗಿಂತ ಹೆಚ್ಚು ಹೋಯಿತು. ಅದಕ್ಕೆ ಕಿಟಕಿಗೆ ಗೋಣಿ ಹೊಡೆದೆ, ನವಿಲುಗರಿಯ ಬೀಸಣಿಗೆ ಹಿಡಿದು ಕೆಳಗೆ ಕೂತೆ. ಕೇರಿಯವರು ನನ್ನನ್ನು ನೊಣದಜ್ಜ ಎಂದು ಕರೆಯತೊಡಗಿದರು. ಒಂದು ಸಲ ಒಂದು ಹಲ್ಲಿ ತೊಲೆಯಿಂದ ದಾರ ಹಿಡಿದು ಇಳಿದು ಲೋಟದ ಹೊಟ್ಟೆಗೆ ಮೈಯೆಲ್ಲ ಅಂಟಿಸಿ ಕೂತಿತು. ನನಗೆ ಹೊಟ್ಟೆ ಉರಿದುಹೋಯಿತು. ಕೋಲು ಎತ್ತಿದವನು ಅಲ್ಲೇ ನಿಂತೆ. ಹಲ್ಲಿ ತಣ್ಣನೆಯದಕ್ಕೆ ಹೀಗೆ ಅಂಟಿಕೊಳ್ಳುವುದಿಲ್ಲವಲ್ಲ, ಇದ್ದರೆ ತಾನೇ ಬಂದು ಕೂರುವುದು, ಇದೆ! ಅವತ್ತು ಹಲ್ಲಿಯನ್ನು ಬೈಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ಅದು ಹೋದ ಮೇಲೆ ಮತ್ತೆ ಬರಲಿಲ್ಲ. ವರುಷಗಳು ಕಳೆದಂತೆ ಅದು ಬರದೇ ಇದ್ದದ್ದೇ ಒಂದು ಹೊಸ ಚಿಂತೆಯಾಯಿತು. ಅಪ್ಪನ ಮಾತು ನೆನಪಾಗುತ್ತಿತ್ತು. ಕುಡಿಯದ ನಾರಿಲ್ಲ.

ದಾರಿ ತೋರಿಸಿದ್ದು ಬೆಂಕಿಮನೆ. ಊರ ತುದಿಯಲ್ಲಿ ಅದೊಂದೇ ಒಲೆ ಇಡೀ ಊರಿಗೆ. ಬೆಳಗ್ಗೆ ಎಲ್ಲರೂ ತಮ್ಮ ಕಲ್ಲುಗಳನ್ನು ತಂದು ಕಾಯಿಸಿ ನೆಲುವಿನಲ್ಲಿ ಒಯ್ಯುತ್ತಾರೆ, ಅಡಿಗೆಯ ಹೊತ್ತಿಗೆ ಗಡಿಗೆಗೆ ಹಾಕುತ್ತಾರೆ. ಅಲ್ಲಿ ಒಂದು ದಿನ ಕಾದ ಕಲ್ಲುಗಳನ್ನು ಒಂದಕ್ಕೊಂದು ತಾಗಿಸಿ ತೂಗುಹಾಕಿದ್ದರು. "ಬಿಸಿ ಹೋಗೋದಿಲ್ವೇನ್ರಯ್ಯ?" ಎಂದು ಕೇಳಿದೆ. ಒಲೆಯವನು ನಕ್ಕ. "ಎಲ್ಲಿಗೆ ಹೋಗ್ತೈತಜ್ಜ? ಎರಡೂ ಒಂದೇ ಒಲೇಲಿ ಕಾದವು. ಸಮಕ್ಕೆ ಸಮ. ಕೊಡೋರೂ ಇಲ್ಲ, ಈಸ್ಕಳೋರೂ ಇಲ್ಲ."

ನಾನು ಅಲ್ಲೇ ಕೂತುಬಿಟ್ಟೆ. ಬಿಸಿ ಎಂದರೆ ನೀರಿದ್ದ ಹಾಗೆ, ಎತ್ತರದಿಂದ ತಗ್ಗಿಗೆ ಹರಿಯುವುದು. ಎರಡೂ ಕಡೆ ಒಂದೇ ಮಟ್ಟವಾದರೆ ನಿಂತಲ್ಲೇ ನಿಲ್ಲುತ್ತದೆ. ಬೋರಕ್ಕ ಲೋಟ ಹಿಡಿದಾಗ ಅವಳಿಗೆ ಜ್ವರವಿತ್ತು. ನನಗೂ ಅಷ್ಟೇ ಜ್ವರ ಬಂದರೆ? ಅದೇ ಮಟ್ಟಕ್ಕೆ ನನ್ನ ಕೈ ಕಾದಿದ್ದರೆ, ಲೋಟವನ್ನು ಎಷ್ಟು ಹೊತ್ತಾದರೂ ಹಿಡಿದಿರಬಹುದು. ಒಂದು ಸಾಸಿವೆಯಷ್ಟೂ ಖರ್ಚಾಗುವುದಿಲ್ಲ.

ಅಂದಿನಿಂದ ನಾನು ಜ್ವರಕ್ಕೆ ಕಾದೆ. ಮಳೆಯಲ್ಲಿ ನೆನೆದೆ. ಹಳಸಿದ ಅಂಬಲಿ ಕುಡಿದೆ. ಜ್ವರ ಬಿದ್ದವರ ಮನೆಗೆ ನೋಡಿಕೊಂಡು ಬರುವ ನೆಪದಲ್ಲಿ ಹೋಗಿ ಹತ್ತಿರ ಕೂತೆ. ಅವರೆಲ್ಲ ಎಂಥ ಒಳ್ಳೆಯ ಮನುಷ್ಯ ಎಂದರು. ಜ್ವರ ಮಾತ್ರ ಬರಲಿಲ್ಲ.

"ಬಂತೇನೋ ಬೊಮ್ಮಣ್ಣ?" ಎಂದು ಗಾದ್ರಪ್ಪ ಕೇಳುತ್ತಿದ್ದ. ಅವನೊಬ್ಬನಿಗೆ ಮಾತ್ರ ಹೇಳಿದ್ದೆ.

"ಇಲ್ಲ ಕಣೋ."

"ನಿನ್ನ ಮೈ ಬಂಡೆ ಕಣಯ್ಯ. ಜ್ವರ ಬಂದ್ರೂ ಹಣೆ ಚಚ್ಕೊಂಡು ವಾಪಸ್ ಹೋಗ್ತೈತೆ. ತಗಾ, ಗಂಜಿ ಕುಡಿ. ಗಟ್ಟಿಯಾಗಿದ್ದು ಹಾಳಾಗೋಗು."

ಅದೇ ಗಾದ್ರಪ್ಪ ಒಂದು ದಿನ ಗಂಜಿ ತಿರುವುವ ಸೌಟು ಹಿಡಿದುಕೊಂಡೇ ಸತ್ತ. ಅವನ ತಿಥಿಯಲ್ಲಿ ಸೌಟು ಸಾಲಾಗಿ ಮೊಮ್ಮಕ್ಕಳ ಕೈಯಲ್ಲಿ ನಡೆಯಿತು. ನಾನು ಸ್ನೇಹಿತ, ನೆಂಟನಲ್ಲ, ಬಾಗಿಲಲ್ಲಿ ನಿಂತು ನೋಡಿದೆ. ಅವನ ಮಗ ಅಂಗಡಿ ಮುಚ್ಚಿ ಬೆಂಚನ್ನು ಮಾರಿದ. ಅಲ್ಲಿಂದ ಮುಂದೆ ನನ್ನ ಜೊತೆ ಮಾತಾಡುವವರೂ ಇಲ್ಲ, ಕೂರಲು ಬಿಸಿ ಜಾಗವೂ ಇಲ್ಲ.

ಆ ಚಳಿಗಾಲದಲ್ಲೇ ಪಕ್ಕದ ಮನೆಗೆ ಕಮಲಾಕ್ಷಿ ಬಂದಳು. ಹೊರಗಿನ ಊರಿನವಳು. ಗಂಡ ಲಾರಿ ಓಡಿಸುವವನು, ಹೋದರೆ ಹುಣ್ಣಿಮೆಗೋ ಅಮಾವಾಸ್ಯೆಗೋ ಬರುವವನು. ಬಂದ ದಿನವೇ ಅವಳ ಹಣೆಗೆ ನೆಲುವು ಬಡಿದ ಸದ್ದು ಗೋಡೆಯಾಚೆ ನನಗೆ ಕೇಳಿಸಿತು, ಹಿಂದೆಯೇ ಒಂದು ಬೈಗುಳವೂ ಕೇಳಿಸಿತು. ಮಾರನೆಯ ದಿನ ಬಾಗಿಲಿಗೆ ಬಂದಳು.

"ತಾತ, ಬೆಂಕಿಮನೆಯಲ್ಲಿ ನನಗೆ ಮೋಸ ಮಾಡಿದ್ದಾರೆ. ಕೆಂಪಗೆ ನಿಗಿನಿಗಿ ಅಂತಿದ್ದ ಕಬ್ಬಿಣ ಆರಿಸಿ ತಂದೆ. ನೀರಿಗೆ ಹಾಕಿದರೆ ಚುಂಯ್ ಅಂತು, ಸುಮ್ಮನಾಯಿತು. ಅಕ್ಕಿ ಹಾಗೇ ಕೂತಿದೆ."

"ಕಬ್ಬಿಣ ಎಷ್ಟು ದಪ್ಪ ಇತ್ತವ್ವ?"

"ಹೆಬ್ಬೆರಳಷ್ಟು."

"ನೀರು?"

"ಗಡಿಗೆ ತುಂಬ."

"ಮೆಣಸಿನಕಾಯಿ ಎಷ್ಟೇ ಖಾರ ಇದ್ರೂ ಒಂದೇ ಒಂದು ಹಾಕಿದ್ರೆ ಹಂಡೆ ಸಾರಿಗೆ ಆದೀತಾ? ನೀರು ದೊಡ್ಡ ಹೊಟ್ಟೆದು, ಎಷ್ಟು ಕೊಟ್ರೂ ಇನ್ನಷ್ಟು ಅಂತದೆ. ಕೆಂಪಗಿರೋದು ಬೇರೆ, ತುಂಬ್ಕಂಡಿರೋದು ಬೇರೆ. ಅಗೋ, ಆ ಮೂಲೇಲಿ ಕರ್ರಗೆ ಮುಖ ಗಂಟಿಕ್ಕಂಡು ತೂಗ್ತಾ ಐತಲ್ಲ ಬಳಪದ ಕಲ್ಲು, ಅದನ್ನ ಒಯ್ದು ಹಾಕು."

ಅನ್ನ ಬೆಂದಿತು. ಸಂಜೆ ಒಂದು ಬಟ್ಟಲು ತಂದುಕೊಟ್ಟಳು. ಆಮೇಲೆ ಆಗಾಗ ಬರುತ್ತಿದ್ದಳು, ನಾನು ಹೆಣೆಯುವಾಗ ದಾರದ ಇನ್ನೊಂದು ತುದಿ ಹಿಡಿದು ಕೂರುತ್ತಿದ್ದಳು. ಅವಳ ಊರಿನ ಮಾತು ಕೇಳಿದರೆ ನನಗೆ ಆಶ್ಚರ್ಯವಾಗುತ್ತಿತ್ತು.

"ನಮ್ಮ ಕಡೆ ಇದೆಲ್ಲ ತಾಪತ್ರಯವೇ ಇಲ್ಲ ತಾತ. ಬಿಸಿ ಇದ್ದರೆ ಇಟ್ಟುಬಿಡುವುದು, ತಾನೇ ಆರುತ್ತದೆ."

"ಯಾರೂ ಮುಟ್ಟದೇನೇ?"

"ಮುಟ್ಟದೇನೇ."

"ಮತ್ತೆ ಆ ಬಿಸಿ ಯಾರಿಗೆ ಹೋಗ್ತೈತೆ?"

"ಯಾರಿಗೂ ಇಲ್ಲ. ಗಾಳಿಗೆ."

ಆ ಊರಿನವರು ಹೇಗೆ ಬದುಕುತ್ತಾರೋ ಎಂದು ನನಗೆ ತುಂಬ ಹೊತ್ತು ಯೋಚನೆಯಾಯಿತು. ಒಂದು ಲೋಟವನ್ನು ಇಟ್ಟು ಆಚೆ ಈಚೆ ನೋಡಿ ಬರುವುದರೊಳಗೆ, ಯಾರಿಗೂ ಸೇರದೆ, ಹೋಯಿತು ಎಂದರೆ!

ಅವಳು ಒಂದು ಸಲ ಕೇಳಿದ್ದಳು, "ಆ ಲೋಟ ಯಾಕೆ ಅಲ್ಲಿ ಒಂದೇ ತೂಗ್ತಿದೆ?" ಎಂದು. "ಇರ್ಲಿ ಬಿಡವ್ವ," ಎಂದೆ. ನಮ್ಮವರಾದರೆ ಅಷ್ಟಕ್ಕೇ ತಿಳಿದುಕೊಳ್ಳುತ್ತಿದ್ದರು. ಬಿಡಿಸಿ ಹೇಳಬೇಕಾದವರೂ ಲೋಕದಲ್ಲಿ ಇರುತ್ತಾರೆಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ, ನಾನು ಬಿಡಿಸಿ ಹೇಳಬೇಕಾದವರು ಯಾರೂ ಅದುವರೆಗೆ ನನಗೆ ಸಿಕ್ಕಿರಲಿಲ್ಲ.

ಕಡೆಗೆ ಜ್ವರ ಬಂತು. ನಾನು ಕರೆದಾಗಲೆಲ್ಲ ಬಾರದ್ದು ಮರೆತಿದ್ದಾಗ ಬಂತು. ಬೆಳಗ್ಗೆ ಎದ್ದು ಕಾಲಿಟ್ಟರೆ ನೆಲ ಎಂದಿಗಿಂತ ತಣ್ಣಗೆನಿಸಿತು. ಬಾಗಿಲ ಚಿಲಕವೂ ತಣ್ಣಗೆ, ಕಂಬವೂ ತಣ್ಣಗೆ. ಇಡೀ ಮನೆ ತಣ್ಣಗಾಗಲು ಸಾಧ್ಯವಿಲ್ಲ, ನಾನೇ ಏರಿದ್ದೇನೆ ಎಂದು ತಿಳಿದಾಗ ನನಗಾದ ಸಂತೋಷ ಯಾರಿಗೂ ಬೇಡ. ನಮ್ಮಲ್ಲಿ ಜ್ವರ ಬಂದವರು ಬರಿ ನೆಲದ ಮೇಲೆ ಉರುಳುತ್ತಾರೆ, ಕಲ್ಲು ತಬ್ಬುತ್ತಾರೆ. ನಾನು ಮರದ ಮಂಚದ ಮೇಲೆ ಎರಡು ಕಂಬಳಿ ಹಾಸಿ ಒಂದು ಹೊದ್ದು ಮಲಗಿದೆ, ಒಂದು ಹನಿಯೂ ಸೋರಬಾರದು ಎಂದು.

ಕಮಲಾಕ್ಷಿ ಬಂದು ನೋಡಿ ಗಾಬರಿಯಾದಳು. "ತಾತ, ಕಂಬಳಿ ತೆಗೀರಿ. ಮೈ ಸುಡ್ತಾ ಇದೆ. ಒದ್ದೆ ಬಟ್ಟೆ ಹಾಕ್ತೀನಿ."

"ಬ್ಯಾಡ, ಬ್ಯಾಡ. ಅದು ಕುಡೀತೈತೆ."

"ಏನು ಕುಡಿಯುತ್ತೆ? ನೀವು ಗಂಜಿ ಕುಡೀರಿ ಮೊದಲು. ಮಕ್ಕಳಿಗಿಂತ ಕಡೆ ಆದ್ರಿ."

ಗಂಜಿ ಕುಡಿದೆ, ಬಟ್ಟೆ ಹಾಕಿಸಿಕೊಳ್ಳಲಿಲ್ಲ. ಅವಳು ಹೋದ ಮೇಲೆ ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇನ್ನೂ ಸಾಲದು. ಬೋರಕ್ಕನ ಮುಂಗೈ ಹಿಡಿದಾಗ ನನ್ನ ಬೆರಳು ಬೆಚ್ಚಿ ಹಿಂದೆ ಸರಿದಿತ್ತು, ಆ ಬೆಚ್ಚಿದ್ದು ಬೆರಳಿಗೆ ನೆನಪಿದೆ. ಅಷ್ಟಾಗಬೇಕು. ಏರು, ಇನ್ನೊಂದು ಚೂರು ಏರು ಎಂದು ಜ್ವರವನ್ನು ಎತ್ತಿಗೆ ಹೇಳುವ ಹಾಗೆ ಹುರಿದುಂಬಿಸುತ್ತ ಮಲಗಿದ್ದೆ. ತಲೆಯ ಮೇಲೆ ಲೋಟ ತೂಗುತ್ತಿತ್ತು, ಕಿಲುಬು ಹಿಡಿದು ಹಸಿರು ಹಸಿರಾಗಿ, ಹಿತ್ತಾಳೆ ಎಂದೇ ಗುರುತು ಸಿಗದ ಹಾಗೆ. ಅದನ್ನು ನೋಡುತ್ತ ನೋಡುತ್ತ ಮಂಪರು ಬಂತು.

ಕಣ್ಣು ಬಿಟ್ಟಾಗ ಹೊತ್ತು ನೆತ್ತಿಗೆ ಬಂದಿತ್ತು. ಮೈ ನನ್ನದಲ್ಲ ಎನ್ನುವ ಹಾಗೆ ಉರಿಯುತ್ತಿತ್ತು. ಮುಂಗೈ ಹಿಡಿದುಕೊಂಡೆ. ಎರಡು ಕೈಗೂ ಜ್ವರ, ಏನೂ ತಿಳಿಯಲಿಲ್ಲ. ಮಂಚದ ಕಬ್ಬಿಣದ ಮೊಳೆಗೆ ಬೆರಳು ತಾಗಿಸಿದೆ. ಅದು ಹಿಮದ ಹಾಗಿತ್ತು. ಇದೇ, ಬೋರಕ್ಕನ ಮಟ್ಟ ಇದೇ, ಇನ್ನು ತಡಮಾಡಬಾರದು. ಗೋಡೆ ಹಿಡಿಯದೆ, ಗೋಡೆ ಕುಡಿದೀತೆಂದು, ಬರಿ ಕಾಲಮೇಲೆ ಎದ್ದು ನಿಂತೆ. ತಲೆಯೆತ್ತಿದೆ.

ನೆಲುವು ಖಾಲಿ ಇತ್ತು.

ಹಿತ್ತಿಲಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಹೋದೆ. ಕಮಲಾಕ್ಷಿ ಸೀರೆ ಎತ್ತಿ ಕಟ್ಟಿ ಕೂತು ನನ್ನ ಮನೆಯ ಪಾತ್ರೆಗಳನ್ನೆಲ್ಲ ಬೆಳಗುತ್ತಿದ್ದಳು. ಬಂಡೆಯ ಮೇಲೆ, ಎಲ್ಲದರ ಮುಂದೆ, ಬೋರಕ್ಕನ ಲೋಟ ಬೋರಲು ಬಿದ್ದಿತ್ತು. ಹೊಸ ಚಿನ್ನದ ಹಾಗೆ ಹೊಳೆಯುತ್ತಿತ್ತು.

"ಎದ್ರಾ? ಯಾಕೆ ಎದ್ರಿ? ನೋಡಿ ತಾತ, ಆ ಲೋಟ ಎಷ್ಟು ಕಿಲುಬು ಹಿಡಿದಿತ್ತು! ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕೈಯೆಲ್ಲ ಸವೆದು ಹೋಯ್ತು..." ನನ್ನ ಮುಖ ನೋಡಿ ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

ನಾನು ಬಾಗಿಲಲ್ಲಿ ಕುಸಿದು ಕೂತೆ. ಅವಳು ಓಡಿ ಬಂದಳು. ಏನಾಯಿತು, ಏನು ತಪ್ಪು ಮಾಡಿದೆ ಎಂದಳು. ಆಗ ಹೇಳಿದೆ. ಬೋರಕ್ಕ, ಜ್ವರ, ಉಳಿಕೆ, ಓಬಣ್ಣ, ಹಲ್ಲಿ. ಯಾರಿಗೂ ಬಿಡಿಸಿ ಹೇಳದ್ದನ್ನು ಒಂದು ಗುಕ್ಕಿನಲ್ಲಿ ಹೇಳಿದೆ. ಅವಳ ಬಾಯಿಗೆ ಸೆರಗು ಹೋಯಿತು.

ಆಮೇಲೆ ಮೆಲ್ಲಗೆ ಹೇಳಿದಳು, "ಬಿಸಿ ಇತ್ತು ತಾತ."

"ಏನಂದೆ?"

"ಕೈಗೆ ತಗೊಂಡಾಗ ಲೋಟ ಬಿಸಿ ಇತ್ತು. ಚೆನ್ನಾಗೇ ಇತ್ತು. ಅಯ್ಯೋ, ತಾತ ಈಗ ತಾನೇ ಇದರಲ್ಲಿ ಏನೋ ಕುಡಿದು ಮೇಲಿಟ್ಟಿದ್ದಾರೆ, ಇಷ್ಟು ಕೊಳಕು ಲೋಟದಲ್ಲಿ ಅಂತ ಬೈಕೊಂಡೆ. ಅದಕ್ಕೇ ಮೊದಲು ಇದನ್ನೇ ತಿಕ್ಕಿದ್ದು."

ಇತ್ತು. ಅಷ್ಟು ಮಳೆಗಾಲ, ಅಷ್ಟು ನೊಣ, ಅಷ್ಟು ದೂಳು, ಒಂದು ಹಲ್ಲಿ. ನಾನು ಹೆಣೆದ ಉಣ್ಣೆ ಕುಡಿದಿರಲಿಲ್ಲ. ಅಪ್ಪ ಕೇಳಬೇಕಿತ್ತು ಈ ಮಾತನ್ನು.

"ಆಮೇಲೆ ಏನು ಮುಟ್ಟಿದೆ? ನೆನಪು ಮಾಡ್ಕಳವ್ವ. ಲೋಟ ಆದಮೇಲೆ."

ಅವಳು ನನ್ನ ಹುಚ್ಚಿಗೆ ಜೊತೆಯಾದಳು. ನೆನಪು ಮಾಡಿಕೊಂಡು ಹೇಳಿದಳು. ಹುಣಸೆಹಣ್ಣು. ಬೂದಿ. ತೆಂಗಿನ ಜುಂಗು. ಕೊಡದ ನೀರು. ಆ ನೀರು ಕರಿಬೇವಿನ ಬುಡಕ್ಕೆ ಹೋಯಿತು. ಮಧ್ಯದಲ್ಲಿ ಎದ್ದು ಬೀದಿಬಾಗಿಲ ಚಿಲಕ ತೆಗೆದಳು, ಸೊಪ್ಪಿನವಳ ಕೈಯಿಂದ ಕಂತೆ ತೆಗೆದುಕೊಂಡಳು, ಸೊಪ್ಪಿನವಳ ಮಗುವಿನ ಗಲ್ಲ ಹಿಂಡಿದಳು. ಮಗು ತಾಯಿಯ ಹೆಗಲ ಮೇಲೆ ಮುಂದಿನ ಕೇರಿಗೆ ಹೋಯಿತು. ನಾನು ಕೂತಲ್ಲಿಂದ ಕೈ ಚಾಚಿ ಹುಣಸೆಯ ಚರಟ ಮುಟ್ಟಿದೆ, ಬೂದಿ ಮುಟ್ಟಿದೆ, ಕರಿಬೇವಿನ ಬುಡದ ಒದ್ದೆ ಮಣ್ಣು ಮುಟ್ಟಿದೆ. ಎಲ್ಲ ತಣ್ಣಗಿತ್ತು. ಒಂದೊಂದರಲ್ಲೂ ಬೋರಕ್ಕ ಇದ್ದಿರಬೇಕು, ಗುರುತು ಸಿಗದಷ್ಟು. ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ, ಎಲ್ಲ ಕಡೆಗೂ ಹೋಗಿದೆ. ಚೆಲ್ಲಿದ ರಾಗಿಯನ್ನಾದರೆ ಒಂದೊಂದೇ ಕಾಳು ಆರಿಸಬಹುದು. ಇದನ್ನು ಆರಿಸುವ ಕೈ ಯಾರಿಗಿದೆ?

ಕಡೆಗೆ ಕಮಲಾಕ್ಷಿಯ ಕೈಯನ್ನೇ ಹಿಡಿದುಕೊಂಡೆ. ಮೊದಲು ಹಿಡಿದ ಕೈ ಅದು, ಮೊದಲ ಕೈಗೇ ಹೆಚ್ಚು. ಅವಳು ಎಳೆದುಕೊಳ್ಳಲಿಲ್ಲ. ನೀರಿನಲ್ಲಿ ನೆನೆದು ಬೆರಳೆಲ್ಲ ಸುಕ್ಕುಗಟ್ಟಿತ್ತು. ಒಂದಿಷ್ಟಾದರೂ ನನ್ನ ಕಡೆ ಬಂದೀತೆಂದು ಉಸಿರು ಬಿಗಿಹಿಡಿದು ಕಾದೆ. ಬರಲಿಲ್ಲ. ಬರುವುದಾದರೂ ಹೇಗೆ? ಅವಳು ತಗ್ಗಿನಲ್ಲಿದ್ದಳು, ನಾನು ಎತ್ತರದಲ್ಲಿದ್ದೆ. ನನ್ನ ಜ್ವರವೇ ಅವಳ ಕಡೆ ಹರಿಯುತ್ತಿತ್ತು. ನಾನು ಇಷ್ಟು ವರುಷ ಬೇಡಿ ಪಡೆದ ಜ್ವರ.

"ತಾತ, ನಿಮ್ಮ ಕೈಯಿಂದ ನನಗೆ ಬಿಸಿ ಬರ್ತಾ ಇದೆ," ಎಂದಳು ಕಮಲಾಕ್ಷಿ. ಹೆದರಿದ ದನಿ. "ಬಿಡಲಾ?"

"ಇರ್ಲಿ. ನಿನ್ನ ಕೈ ತಣ್ಣಗಾಗೈತೆ," ಎಂದೆ.

ಅವಳ ಬೆರಳಿಗೆ ಬಣ್ಣ ಬಂದ ಮೇಲೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದಳು. ಲೋಟವನ್ನು ಒರೆಸಿ, ಎಲ್ಲಿಡುವುದೆಂದು ತಿಳಿಯದೆ, ಸೆರಗಿನಲ್ಲಿ ಹಿಡಿದುಕೊಂಡು ನಿಂತಿದ್ದಳು. 'ಕೊಡು ಇಲ್ಲಿ' ಎಂದು ಕೈ ಚಾಚಿದೆ.

ಎಷ್ಟೋ ವರುಷದ ಮೇಲೆ ಅದನ್ನು ಮುಟ್ಟಿದ್ದು. ಮೊದಲು ತಣ್ಣಗೆ ಕೊರೆಯಿತು. ಹಿತ್ತಾಳೆಯ ಬಾಯಾರಿಕೆ ದೊಡ್ಡದಲ್ಲ, ಬೇಗ ಬೇಗ ಕುಡಿಯಿತು. ಬೋರಕ್ಕ ಹಿಡಿದ ಹಾಗೆಯೇ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದೆ. ಕೊರೆತ ಕಡಿಮೆಯಾಯಿತು, ಬೆಚ್ಚಗಾಯಿತು, ಮತ್ತೆ ಏನೂ ಅನಿಸದೇ ಹೋಯಿತು. ಲೋಟ ಎಲ್ಲಿ ಮುಗಿದು ನನ್ನ ಕೈ ಎಲ್ಲಿ ಶುರುವಾಗುತ್ತದೆಂದು ಕಣ್ಣು ಮುಚ್ಚಿದರೆ ಹೇಳಲಾಗುತ್ತಿರಲಿಲ್ಲ. ಕೊಡುವವರೂ ಇಲ್ಲ, ಈಸಿಕೊಳ್ಳುವವರೂ ಇಲ್ಲ. ಆ ದಿನ ಬೋರಕ್ಕನ ಕೈಯಲ್ಲಿ ಈ ಹಿತ್ತಾಳೆ ನಿಂತಿದ್ದ ಮಟ್ಟದಲ್ಲೇ ಈಗ ನನ್ನ ಕೈಯಲ್ಲಿ ನಿಂತಿತ್ತು. ಈ ಬಿಸಿ ಯಾರದು ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಬಿಸಿಗೆ ಮುಖವಿಲ್ಲವಲ್ಲ.

"ಮೇಲೆ ತೂಗುಹಾಕಲಾ ತಾತ? ಈಗ ಬಿಸಿ ಇರುವಾಗಲೇ? ದಾರದಲ್ಲಿ ಎತ್ತುತ್ತೀನಿ, ಮುಟ್ಟೋದಿಲ್ಲ," ಎಂದಳು ಕಮಲಾಕ್ಷಿ.

"ಬ್ಯಾಡವ್ವ. ನನ್ನ ಹತ್ರಾನೇ ಇರ್ಲಿ."

ಸಂಜೆಯ ಹೊತ್ತಿಗೆ ಮೈ ಬೆವರಿತು, ಜ್ವರ ಇಳಿಯತೊಡಗಿತು. ಲೋಟ ಕೈಯಲ್ಲೇ ಇತ್ತು. ನಾನು ಒಂದು ಕೂದಲೆಳೆಯಷ್ಟು ಇಳಿದರೆ ಅದೂ ಅಷ್ಟೇ ಇಳಿಯಿತು. ಮುಂದೆ ಹೋಗಲಿಲ್ಲ, ಹಿಂದೆ ಉಳಿಯಲಿಲ್ಲ, ಬಿಡು ಎನ್ನಲಿಲ್ಲ, ಎಳೆ ಎನ್ನಲಿಲ್ಲ. ಹೀಗೆ ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದು ಬಂದು ನೆಲ ಮುಟ್ಟಿದೆವು.

ಈಗ ಲೋಟ ಅಡಿಗೆಮನೆಯ ಕಲ್ಲಿನ ಗೂಡಿನಲ್ಲಿ ಇರುತ್ತದೆ, ಉಳಿದ ಪಾತ್ರೆಗಳ ಜೊತೆ, ಮೈಯೆಲ್ಲ ತಾಗಿಸಿಕೊಂಡು. ಗಂಜಿ ಅದರಲ್ಲೇ ಕುಡಿಯುತ್ತೇನೆ. ಕಮಲಾಕ್ಷಿಯ ಗಂಡನಿಗೆ ಬೇರೆ ದಾರಿಯ ಲಾರಿ ಸಿಕ್ಕಿದೆಯಂತೆ, ಬೇಸಗೆಗೆ ಮನೆ ಖಾಲಿ ಮಾಡುತ್ತಾರೆ. ಹೋಗುವವರೆಗೂ ಅವಳು ಬರುತ್ತಾಳೆ, ಪಾತ್ರೆ ಬೆಳಗಲು ಕೇಳದೆ ಮುಟ್ಟುವುದಿಲ್ಲ, ನಾನೇ ಹೇಳಿ ತಿಕ್ಕಿಸುತ್ತೇನೆ. ನೆಲುವನ್ನು ಮಾತ್ರ ಇಳಿಸಿಲ್ಲ. ಖಾಲಿಯಾಗಿ ತೂಗುತ್ತಿರುತ್ತದೆ. ಕಿಟಕಿಯ ಗೋಣಿ ಕಿತ್ತಿರುವುದರಿಂದ ಗಾಳಿ ಬರುತ್ತದೆ. ನಿನ್ನೆ ಗಂಜಿ ಕುಡಿದು ಲೋಟವನ್ನು ಪಕ್ಕದಲ್ಲಿಟ್ಟು ಕೂತಿದ್ದೆ. ಒಂದು ನೊಣ ಬಂದು ಅದರ ಅಂಚಿನ ಮೇಲೆ ಕೂತು ಕಾಲುಜ್ಜಿಕೊಳ್ಳತೊಡಗಿತು. ಬೀಸಣಿಗೆ ಕೈಗೆ ಸಿಗುವಂತೆಯೇ ಇತ್ತು. ನಾನು ಸುಮ್ಮನೆ ನೋಡುತ್ತ ಕೂತೆ.